ಎಡಕ್ಕೆ ಕುಳಿತವಳು

ಇಟ್ಟಿಗಿ ಊರಿನಲ್ಲಿ ಹಾಲೇಶಪ್ಪನ ಹಿಟ್ಟಿನ ಗಿರಣಿ ಗೊತ್ತಿಲ್ಲದವರಿಲ್ಲ. ಜೋಳದ ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳು ಸರದಿ ಬರುವ ತನಕ ಕಟ್ಟೆಯ ಮೇಲೆ ಕುಳಿತು, ಮನೆಯ ಸುಖದುಃಖವನ್ನೂ ಅಲ್ಲೇ ಬೀಸಿಕೊಂಡು ಹೋಗುತ್ತಿದ್ದರು. ಹಾಲೇಶಪ್ಪ ಬಲಗೈಯಲ್ಲಿ ಕಲ್ಲು ಬಿಗಿಮಾಡುವ ಚಕ್ರ ಹಿಡಿದು, ಎಡಗೈಯನ್ನು ಹಿಟ್ಟು ಸುರಿಯುವ ಬಾಯಿಗೆ ಒಡ್ಡಿ, ಬೆರಳಲ್ಲಿ ತಿಕ್ಕಿ ನೋಡಿ, ರೊಟ್ಟಿಗೆ ಬಂತು ಎಂದರೆ ಬಂತು. ಆ ಎಡಗೈಯ ಮೇಲೆ ಊರಿಗೇ ನಂಬಿಕೆ.

ಅದೇ ಎಡಗೈ ಬೆಳಗಿನ ಹೊತ್ತು ದೇವರ ಪೀಠವಾಗುತ್ತಿತ್ತು. ಹಾಲೇಶಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಪತ್ರಿ ಏರಿಸಿ, ರೆಪ್ಪೆ ಬಡಿಯದೆ ನೋಡುತ್ತ ಕೂರುವನು. ಹೆಂಡತಿ ಕೊಟ್ರಮ್ಮ ಅವನ ಎಡಕ್ಕೆ ಕುಳಿತು ತನ್ನ ಪೂಜೆ ಮಾಡಿಕೊಳ್ಳುವಳು. ಮದುವೆಯ ದಿನ ಹಿರಿಯರು ಹಸೆಮಣೆಯ ಮೇಲೆ ಎಡಕ್ಕೆ ಕೂರಿಸಿದ್ದರು. ಅಂದಿನಿಂದ ಪೂಜೆಗಿರಲಿ, ಬಸ್ಸಿನ ಸೀಟಿಗಿರಲಿ, ಅವಳ ಜಾಗ ಅದೇ.

ಇದು ನಡೆದದ್ದು ೧೦೮ ಆಂಬುಲೆನ್ಸ್ ಗಾಡಿ ಇನ್ನೂ ಬಂದಿರದ ಕಾಲದಲ್ಲಿ, ಈಗ್ಗೆ ಇಪ್ಪತ್ತು ವರ್ಷದ ಕೆಳಗೆ. ಸಂಕ್ರಾಂತಿ ಮುಗಿದಿತ್ತು. ಒಂದು ಬೆಳಗ್ಗೆ ಪೂಜೆಯ ನಡುವೆ ಹಾಲೇಶಪ್ಪನ ಅಂಗೈ ಮೆಲ್ಲಗೆ ವಾಲಿತು. ಲಿಂಗ ಜಾರಿ ಅವನ ಮಡಿಲಿಗೆ ಬಿತ್ತು.

ಇಷ್ಟು ವರ್ಷದ ಸಂಸಾರದಲ್ಲಿ ಕೊಟ್ರಮ್ಮ ಇದನ್ನು ಕಂಡಿರಲಿಲ್ಲ. ಹಾಲೇಶಪ್ಪ ಬಲಗೈಯಿಂದ ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡು, ಏನೂ ಆಗದವನಂತೆ ಎದ್ದ. ಎದ್ದವನು ಬಾಗಿಲ ಎಡ ಚೌಕಟ್ಟಿಗೆ ಭುಜ ಬಡಿಸಿಕೊಂಡು ಹೊರಗೆ ಹೋದ. ಕೊಟ್ರಮ್ಮ ಕಂಡದ್ದು ಲಿಂಗ ಜಾರಿದ್ದನ್ನು. ಕೈ ಸೋತದ್ದನ್ನು ಅವಳು ಕಾಣಲಿಲ್ಲ. ಮನೆಗೆ ಏನೋ ಕೇಡು ಕಾದಿದೆ ಎಂದು ತುಪ್ಪದ ದೀಪ ಹಚ್ಚಿದಳು, ಕೊಟ್ಟೂರು ಬಸವೇಶ್ವರನಿಗೆ ಹರಕೆ ಕಟ್ಟಿಕೊಂಡಳು. ಗಂಡನ ಕೈ ಹಿಡಿದು ನೋಡುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಹೊತ್ತು ಏರುವಷ್ಟರಲ್ಲಿ ಗಿರಣಿಯಿಂದ ಕೂಗು ಬಂತು. ಹಿಟ್ಟು ಬುಟ್ಟಿ ತುಂಬಿ ನೆಲಕ್ಕೆ ಸುರಿಯುತ್ತಿತ್ತು. ಹಾಲೇಶಪ್ಪನ ಎಡಗೈ ಹಗ್ಗದಂತೆ ಜೋತುಬಿದ್ದಿತ್ತು, ಬಾಯಿಯ ಎಡ ಅಂಚು ಕೆಳಗಿಳಿದಿತ್ತು. ಹಿಟ್ಟಿನ ಒಡತಿ ಕರಿಯಕ್ಕ ಬಡಕೊಂಡರೆ, ನೆಲದ ಮೇಲೆ ಹಿಟ್ಟು ಎಲ್ಲೈತಿ, ನಿನ್ನ ಕಣ್ಣಿಗೆ ಪೊರಿ ಬಂದೈತಿ ಎಂದು ಅವನೇ ಅವಳನ್ನು ಗದರುತ್ತಿದ್ದ. ಮಾತು ಮಾತ್ರ ಎಂದಿನ ಮಾತೇ.

ಆ ಮಾತೇ ಎಲ್ಲರನ್ನೂ ಮೋಸಗೊಳಿಸಿತು. ಹಿಂದಿನ ವರ್ಷ ಅದೇ ಓಣಿಯ ಪಂಪಮ್ಮನಿಗೆ ಲಕ್ವ ಹೊಡೆದಾಗ ಅವಳ ಬಲಗೈ ಜೊತೆಗೆ ಮಾತೂ ಬಿದ್ದುಹೋಗಿತ್ತು. ಲಕ್ವ ಅಂದರೆ ಮಾತು ಬೀಳುವುದು ಎಂದು ಊರು ಅಂದೇ ಪಾಠ ಕಲಿತುಬಿಟ್ಟಿತ್ತು. ಇವನು ಮಾತಾಡುತ್ತಾನೆ, ಬೈಯುತ್ತಾನೆ, ಚಹಾ ಕೇಳುತ್ತಾನೆ. ಇದೇನಿದ್ದರೂ ಗಾಳಿ ಬಡಿದದ್ದು, ಕಂಬಳಿ ಹೊದಿಸಿ ಮಲಗಿಸಿದರೆ ಇಳಿಯುತ್ತದೆ ಎಂದರು ಹಿರಿಯರು. ಮಗ ಸಿದ್ದಲಿಂಗ ಟೆಂಪೊ ತರುತ್ತೇನೆಂದು ಹೊರಟರೆ ಹಾಲೇಶಪ್ಪನೇ ತಡೆದ.

"ನನಗೇನಾಗೈತಿ ಅಂತ ದವಾಖಾನಿಗೆ ಒಯ್ತೀಯಲೇ?" ಎಂದು ನಕ್ಕ. ಆ ನಗು ಮುಖದ ಬಲ ಅರ್ಧಕ್ಕೆ ಮಾತ್ರ ಬಂತು.

ಅವನು ಬೇಡವೆಂದ, ಇವರು ಬಿಟ್ಟರು. ಹಗಲು ಹೋಯಿತು, ಇರುಳೂ ಹೋಯಿತು. ಬೆಳಗ್ಗೆ ಎಬ್ಬಿಸಲು ಹೋದರೆ ಎಡಗಾಲು ನೆಲಕ್ಕೆ ಊರಲಿಲ್ಲ. ಆಮೇಲೆ ಎಲ್ಲರೂ ಎದ್ದುಬಿದ್ದು ಕೊಟ್ಟೂರಿಗೆ ಒಯ್ದರು, ಅಲ್ಲಿಂದ ದಾವಣಗೆರೆಗೆ. ತಲೆಯ ಸ್ಕ್ಯಾನ್ ತೆಗೆದು, ಮೆದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡಿದೆ, ಬಿಪಿ ಬಹಳ ಏರಿದೆ ಎಂದರು. ಬಿಪಿ ಇರುವುದು ಮುಂಚೆಯೇ ಗೊತ್ತಿತ್ತು. ನೋವಿಲ್ಲ, ಜ್ವರವಿಲ್ಲ, ದಿನಾ ಗುಳಿಗೆ ಯಾಕೆ ಎಂದು ಹಾಲೇಶಪ್ಪ ದಸರೆಯ ಹೊತ್ತಿಗೇ ಅದನ್ನು ಬಿಟ್ಟಿದ್ದ.

ಜೀವ ಉಳಿಯಿತು. ಗುಳಿಗೆ ಬರೆದು, ಕೈಕಾಲಿನ ವ್ಯಾಯಾಮ ತೋರಿಸಿ ಮನೆಗೆ ಕಳಿಸಿದರು. ಜೀವ ಉಳಿದ ಸಂತೋಷದಲ್ಲಿ 'ಬಲಭಾಗ' ಎಂಬ ಮಾತು ಯಾರ ಕಿವಿಯಲ್ಲೂ ನಿಲ್ಲಲಿಲ್ಲ.

ಮನೆಯ ಪಡಸಾಲೆಯಲ್ಲಿ ಮಂಚ ಹಾಕಿದರು. ಮಂಚದ ಬಲಕ್ಕೆ ಗೋಡೆಗೆ ಹೊಂದಿಕೊಂಡ ಕಟ್ಟೆ, ಎಡಕ್ಕೆ ಅಡುಗೆಮನೆಯ ಬಾಗಿಲು. ಸುದ್ದಿ ತಿಳಿದು ತೆಲಿಗಿಯಿಂದ ಹಾಲೇಶಪ್ಪನ ಅಕ್ಕ ಜಂಬಕ್ಕ ಬಂದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಬಂದವಳು ಕಟ್ಟೆಯ ಮೇಲೆ ಕುಳಿತಳು. ಕೊಟ್ರಮ್ಮ ಎಂದಿನಂತೆ ಎಡಕ್ಕೆ.

ಅಲ್ಲಿಂದ ಶುರುವಾಯಿತು ನೋಡಿ, ಆ ಮನೆಯಲ್ಲಿ ಯಾರೂ ಕಂಡು ಕೇಳರಿಯದ್ದು.

ಮೊದಲ ದಿನ ಹಾಲೇಶಪ್ಪ ವಿಭೂತಿ ಕೇಳಿದ. ತಾನೇ ಬಲಗೈಯಿಂದ ಹಚ್ಚಿಕೊಂಡ. ಮೂರು ಬೆರಳಿನ ಪಟ್ಟೆ ಹಣೆಯ ನಡುವಿನ ತನಕ ಬಂದು ನಿಂತಿತು. ಎಡ ಅರ್ಧ ಬೋಳು. ಜಂಬಕ್ಕ ಕನ್ನಡಿ ತಂದು ಹಿಡಿದರೆ, ಸರಿ ಐತಲ್ಲ ಎಂದ. ಆಮೇಲೆ ಕರಡಿಗೆ ಬಿಚ್ಚಿ ಲಿಂಗವನ್ನು ಬಲಗೈಯಲ್ಲೇ ಹಿಡಿದು ಕುಳಿತ. ಎಡ ಅಂಗೈ ಹಾಸಿಗೆಯ ಮೇಲೆ ಅನಾಥವಾಗಿ ಬಿದ್ದಿತ್ತು. ಅದರ ಕಡೆ ಅವನ ಕಣ್ಣೇ ಹೋಗಲಿಲ್ಲ. ಜಂಬಕ್ಕ ಬೆಚ್ಚಿಬಿದ್ದು ಪೂಜೆಯನ್ನೇ ನಿಲ್ಲಿಸಿಬಿಟ್ಟಳು. ಕರಡಿಗೆ ಕೊರಳಲ್ಲಿದ್ದರೆ ಸಾಕು, ಮುಟ್ಟಿ ನಮಸ್ಕಾರ ಮಾಡು ಎಂದಳು.

ಊಟಕ್ಕಿಟ್ಟರೆ ಬಲಗಡೆಯ ರೊಟ್ಟಿ ಮುಗಿಯುತ್ತಿತ್ತು. ಎಡಗಡೆಯ ಬದನೆಕಾಯಿ ಪಲ್ಯ, ಚಟ್ನಿಪುಡಿ ಇಟ್ಟ ಹಾಗೇ ಇರುತ್ತಿದ್ದವು. ಬರೇ ರೊಟ್ಟಿ ಹೆಂಗ ತಿನ್ನಲಿ, ಪಲ್ಯ ಯಾಕ ಮಾಡಿಲ್ಲ ಎಂದು ಸಿಡುಕುವನು. ಕೊಟ್ರಮ್ಮ ಎಡಗಡೆಯಿಂದ, ಅಲ್ಲೇ ಐತಲ್ರಿ ಎಂದರೆ ಅವನು ಬಲಕ್ಕೆ ತಿರುಗಿ ಜಂಬಕ್ಕನಿಗೆ ಉತ್ತರ ಕೊಡುವನು. ಅಕ್ಕನ ಜೊತೆ ಹಳೆಯ ಕಥೆ ಹೇಳಿ ನಗುವನು. ಹೆಂಡತಿ ಪಕ್ಕದಲ್ಲೇ ಕುಳಿತು ಕಾಲು ಒತ್ತುತ್ತಿದ್ದರೂ, ಕೊಟ್ರಿ ಎಲ್ಲಿ ಹೋಗ್ಯಾಳ ಎಂದು ಅಕ್ಕನನ್ನು ಕೇಳುವನು. ಒಮ್ಮೊಮ್ಮೆ ಅವಳು ಮಂಚದ ಕಾಲ ಕಡೆಯಿಂದ ಹಾಯುವಾಗ ಕಣ್ಣಿಗೆ ಬಿದ್ದು, ಕೊಟ್ರಿ ನೀರು ಕೊಡು ಎಂದದ್ದೂ ಉಂಟು. ನೀರು ತಂದು ತನ್ನ ಜಾಗದಲ್ಲಿ ಕುಳಿತಳೋ, ಮತ್ತೆ ಅವನ ಪಾಲಿಗೆ ಇಲ್ಲವಾಗುತ್ತಿದ್ದಳು.

ಜಂಬಕ್ಕನಿಗೆ ಇದರ ಅರ್ಥ ಬೇಗನೆ ಸಿಕ್ಕಿತು. ತಪ್ಪು ಅರ್ಥ, ಆದರೆ ಗಟ್ಟಿಯಾಗಿ ಸಿಕ್ಕಿತು.

"ಮಾತು ಸುದ್ದಿ ಎಲ್ಲ ನೆಟ್ಟಗೈತಿ. ತಲಿ ನೆಟ್ಟಗೈತಿ. ಮಗ್ಗಲದಾಗ ಕುಂತಾಕಿನ್ನ ಎಲ್ಲಿ ಅಂತ ಕೇಳ್ತಾನ ಅಂದ್ರ ಏನು? ನನ್ನ ಪಾಲಿಗೆ ನೀ ಇಲ್ಲ ಅಂತ," ಎಂದಳು ಅಡುಗೆಮನೆಯಲ್ಲಿ ನಿಂತು. "ಏನ್ ಮಾಡೀದಿ ಕೊಟ್ರವ್ವ ನನ್ನ ತಮ್ಮಗ? ಏನ್ ಅಂದೀದಿ? ನಿನ್ನ ಮಾರಿ ಸೈತ ನೋಡವಲ್ಲ."

ಕೊಟ್ರಮ್ಮನೂ ಅದನ್ನೇ ತನ್ನನ್ನು ಕೇಳಿಕೊಳ್ಳುತ್ತಿದ್ದಳು. ಲಿಂಗ ಜಾರಿದ ದಿನ ತಾನು ಸುಮ್ಮನಿದ್ದದ್ದು ಅವನಿಗೆ ನೆನಪಿರಬಹುದೇ? ಗಾಡಿ ತರಿಸದೆ ಕಂಬಳಿ ಹೊದಿಸಿದ್ದಕ್ಕೆ ಸಿಟ್ಟೇ? ಯುಗಾದಿ ಮುಗಿದ ಮೇಲೆ ತಮ್ಮನನ್ನು ತೆಲಿಗಿಗೆ ಕರೆದೊಯ್ಯುತ್ತೇನೆ, ಬೇಡಾದವಳ ಕೈಯಲ್ಲಿ ಯಾಕೆ ಬಿಡಲಿ ಎಂದು ಜಂಬಕ್ಕ ನಿರ್ಧರಿಸಿಬಿಟ್ಟಳು. ಸಿದ್ದಲಿಂಗ ಅತ್ತೆಗೆ ಎದುರಾಡಲಾರ, ತಾಯಿಯ ಮುಖ ನೋಡಲಾರ. ಗಂಡ ಬದುಕಿದ್ದೂ ಕೊಟ್ರಮ್ಮ ಒಂಟಿಯಾಗುವ ಹೊತ್ತು ಬಂತು.

ಅದರ ಮೇಲೆ ಆ ಮಧ್ಯಾಹ್ನ. ಅವಳು ಅವನ ಎಡಗೈಗೆ ಎಣ್ಣೆ ತಿಕ್ಕುತ್ತಿದ್ದಳು. ಹಾಲೇಶಪ್ಪ ಹೊರಳುವಾಗ ಅವನ ಬಲಗೈಗೆ ಎಡಗೈ ತಾಗಿತು. ಹಾವು ಮುಟ್ಟಿದವನಂತೆ ಬೆದರಿ, ಎಡ ಮಣಿಕಟ್ಟನ್ನು ಹಿಡಿದೆತ್ತಿ ಮಂಚದಿಂದಾಚೆ ಎಸೆಯಲು ನೋಡಿದ.

"ಅಕ್ಕಾ, ಇದ್ಯಾರ ಕೈ? ನನ್ನ ಹಾಸಿಗ್ಯಾಗ ಯಾರೋ ಕೈ ಬಿಟ್ಟು ಹೋಗ್ಯಾರ."

"ನಿಮ್ಮದ ಕೈ ಅದು," ಎಂದಳು ಕೊಟ್ರಮ್ಮ.

"ನನ್ನ ಕೈ ನನಗ ಗೊತ್ತಿಲ್ಲೇನು? ತಣ್ಣಗೈತಿ. ಹೆಣದ ಕೈ ಇದ್ದಂಗೈತಿ. ತಗದ್ಹಾಕ್ರಿ."

ಜಂಬಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋದಳು. ಕೊಟ್ರಮ್ಮ ಎಣ್ಣೆಗೈಯಲ್ಲಿ ಹಾಗೇ ಕುಳಿತಿದ್ದಳು. ಗಂಡನ ಎಡ ಅಂಗೈಯಲ್ಲಿ ಪೂಜೆಯ ಪತ್ರಿಯ ಹಸಿರು ಕಲೆ ಅವಳ ಕಣ್ಣಿಗೆ ಇನ್ನೂ ಕಾಣುತ್ತಿತ್ತು.

ಸಂಜೆ ಊಟದ ಹೊತ್ತಿಗೆ ಮತ್ತೆ ಅದೇ ರಗಳೆ. ಪಲ್ಯವಿಲ್ಲ ಎಂದ. ಕೊಟ್ರಮ್ಮನಿಗೆ ಸಾಕಾಗಿ ಹೋಗಿತ್ತು. ತಟ್ಟೆಯನ್ನು ಸೆಳೆದುಕೊಂಡು ಎದ್ದವಳು, ಉಪವಾಸ ಕೆಡವಿದ ಪಾಪ ಬೇಡವೆಂದು ತಿರುಗಿ ಬಂದು ಕುಕ್ಕಿಬಿಟ್ಟಳು. ಕುಕ್ಕುವಾಗ ತಟ್ಟೆ ತಿರುವುಮುರುವಾಗಿ ಕುಳಿತಿತು. ಎಡಕ್ಕಿದ್ದ ಪಲ್ಯ ಬಲಕ್ಕೆ ಬಂತು.

"ಈಗ ನೋಡು, ಪಲ್ಯ ಬಂತು. ಇಷ್ಟೊತ್ತು ಎಲ್ಲಿಟ್ಟಿದ್ರಿ?" ಎಂದು ಹಾಲೇಶಪ್ಪ ಚಪ್ಪರಿಸಿ ಉಣ್ಣತೊಡಗಿದ.

ಕೊಟ್ರಮ್ಮ ಬೆರಗಾಗಿ ನಿಂತಳು. ಅದೇ ತಟ್ಟೆ, ಅದೇ ಪಲ್ಯ. ಸಿಟ್ಟಿರುವ ಮನುಷ್ಯ ತಟ್ಟೆ ತಿರುಗಿಸಿದ ಮಾತ್ರಕ್ಕೆ ಸಿಟ್ಟು ಬಿಡುವನೇ? ಅವಳು ಇನ್ನೂ ನಂಬದೆ ಮರುದಿನವೂ ತಿರುಗಿಸಿ ನೋಡಿದಳು. ಆಮೇಲೆ ಸೆರಗು ಹೊದ್ದು ಆರೋಗ್ಯ ಉಪಕೇಂದ್ರದ ನರ್ಸ್ ಯಶೋಧಾಳ ಮನೆಗೆ ನಡೆದಳು.

ಯಶೋಧಾ ಬಂದಳು, ಬಿಪಿ ನೋಡಿದಳು, ಎಡಗಡೆ ನಿಂತು ಮಾತಾಡಿಸಿದಳು, ಬಲಗಡೆ ನಿಂತು ಮಾತಾಡಿಸಿದಳು. ನನಗೂ ಇದು ಪೂರ್ತಿ ಗೊತ್ತಿಲ್ಲ ಎಂದು ನೇರವಾಗಿ ಹೇಳಿದಳು. ಕಣ್ಣು ನೆಟ್ಟಗಿವೆ, ಕಿವಿ ನೆಟ್ಟಗಿವೆ, ಆದರೂ ಒಂದು ಕಡೆಯ ಲೋಕವೇ ಇವರಿಗೆ ಇಲ್ಲ. ಇದು ಮನಸ್ಸಿನ ಮಾತಲ್ಲ, ಮೆದುಳಿನ ಮಾತು. ಸ್ಕ್ಯಾನಿನ ಫಿಲ್ಮು ಹಿಡಿದುಕೊಂಡು ನರಗಳ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದಳು.

ಜಂಬಕ್ಕನೂ ಹೊರಟಳು. ನಂಬಿ ಅಲ್ಲ, ಏನು ಹೇಳುತ್ತಾರೋ ನೋಡಿಯೇಬಿಡೋಣ ಎಂದು.

ದಾವಣಗೆರೆಯ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹಾಲೇಶಪ್ಪನ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತು, ಅವನ ಗಿರಣಿಯ ವಿಚಾರ ಕೇಳಿದರು. ಕಣ್ಣು ಮುಚ್ಚಿಕೊಂಡು, ಗಿರಣಿಯ ಬಾಗಿಲಲ್ಲಿ ಒಳಮುಖವಾಗಿ ನಿಂತಂತೆ ಎಣಿಸಿ, ಅಲ್ಲಿ ಏನೇನಿದೆ ಹೇಳಿ ಎಂದರು. ಹಾಲೇಶಪ್ಪ ಹುರುಪಿನಿಂದ ಹೇಳಿದ. ಮೋಟಾರು, ಕರೆಂಟಿನ ಬೋರ್ಡು, ತಕ್ಕಡಿ, ಮೂಲೆಯ ಎಣ್ಣೆ ಡಬ್ಬಿ.

ಮತ್ತೇನೂ ಇಲ್ಲವೇ ಎಂದರು. ಮತ್ತೇನಿಲ್ಲ ಎಂದ.

ಜೊತೆಗೆ ಬಂದಿದ್ದ ಸಿದ್ದಲಿಂಗ ತಾಯಿಯ ಕಡೆ ತಿರುಗಿದ. ಹೆಣ್ಣುಮಕ್ಕಳು ಕೂರುವ ಕಟ್ಟೆ, ಬಸವಣ್ಣನ ಫೋಟೋ, ಬುಟ್ಟಿಗಳ ಸಾಲು, ಎಡಗಡೆ ಇರುವುದೆಲ್ಲ ಅಪ್ಪನ ಬಾಯಿಂದ ಬರಲೇ ಇಲ್ಲ. ಅಪ್ಪ ತನ್ನ ಕೈಯಾರೆ ಮೊಳೆ ಹೊಡೆದು ತೂಗುಹಾಕಿದ ಬಸವಣ್ಣ!

ಈಗ ಒಳಗೆ ಹೋಗಿ, ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆ ನೋಡಿ ಎಂದರು ಡಾಕ್ಟರಮ್ಮ. ಹಾಲೇಶಪ್ಪ ಮುಚ್ಚಿದ ಕಣ್ಣಲ್ಲೇ, ಮನಸ್ಸಿನಲ್ಲಿ ತಿರುಗಿ ನಿಂತ. ಕಟ್ಟೆ ಎಂದ, ಬಸವಣ್ಣ ಎಂದ, ಬುಟ್ಟಿಗಳನ್ನು ಹೇಳಿದ. ಮೋಟಾರು, ತಕ್ಕಡಿ ಎಲ್ಲ ಮಾಯವಾಗಿದ್ದವು.

ಜಂಬಕ್ಕ ಮುಂದೆ ಬಂದು ತಮ್ಮನ ಭುಜ ಹಿಡಿದುಕೊಂಡಳು.

ಡಾಕ್ಟರಮ್ಮ ಮೆಲ್ಲಗೆ ಬಿಡಿಸಿ ಹೇಳಿದರು. ಗಿರಣಿಯ ಚಕ್ರಗಳಿಗೆ ಕತ್ತರಿಯಂತೆ ಅಡ್ಡ ಹಾಯಿಸಿದ ಬೆಲ್ಟಿನ ಪಟ್ಟ ಇರುತ್ತದಲ್ಲ, ಹಾಗೆ ಮೆದುಳಿನ ಬಲಭಾಗ ಮೈಯ ಎಡಭಾಗವನ್ನು ನಡೆಸುತ್ತದೆ, ಎಡಭಾಗ ಬಲವನ್ನು. ಆದರೆ ಎರಡೂ ಕಡೆಯ ಕೆಲಸ ಒಂದೇ ಅಲ್ಲ. ಬಹಳ ಜನರಲ್ಲಿ ಮಾತಿನ ಮನೆ ಎಡ ಮೆದುಳಿನಲ್ಲಿದೆ. ಸುತ್ತಲ ಲೋಕದ ಎಲ್ಲ ಕಡೆಗೂ ಗಮನ ಹರಿಸುವ ಕೆಲಸದ ಹೆಚ್ಚಿನ ಪಾಲು ಬಲ ಮೆದುಳಿನದು. ಇವರಿಗೆ ಪೆಟ್ಟು ಬಿದ್ದದ್ದು ಅಲ್ಲಿ. ಅದಕ್ಕೇ ಮಾತು ಉಳಿಯಿತು, ಎಡಗಡೆ ಹೋಯಿತು. ಎಡಗೈ, ತಟ್ಟೆಯ ಎಡ ಅರ್ಧ, ಎಡಕ್ಕೆ ಕೂತವರು, ಎಲ್ಲ.

ಜಂಬಕ್ಕ ಕೇಳಿದಳು: "ಹಂಗಾದ್ರ ನಮ್ಮ ತಮ್ಮಗ ಇಕಿ ಮ್ಯಾಲೆ ಸಿಟ್ಟಿಲ್ಲೇನ್ರಿ?"

"ಸಿಟ್ಟು ಬರೋಕೆ ಮೊದಲು ಕಾಣಬೇಕಲ್ಲಮ್ಮ. ಇವರು ಎಡಗಡೆ ಕೂತರೆ ಅವರಿಗೆ ಇಲ್ಲ ಅಷ್ಟೇ."

ಕೊಟ್ರಮ್ಮ ತಲೆ ತಗ್ಗಿಸಿ ಇನ್ನೊಂದು ಮಾತು ಕೇಳಿದಳು. ನಮ್ಮ ಓಣಿಯ ಪಂಪಮ್ಮನಿಗೆ ಮಾತೇ ಬಿದ್ದಿತ್ತು, ಅವಳು ಆರು ತಿಂಗಳಲ್ಲಿ ಕೋಲು ಬಿಟ್ಟು ನಡೆದಳು. ನಮ್ಮವರಿಗೆ ಮಾತು ನೆಟ್ಟಗಿದೆ, ಆದರೂ ಯಾಕೆ ಏಳುತ್ತಿಲ್ಲ? ಇವರದು ಸಣ್ಣ ಲಕ್ವ ಅಂದುಕೊಂಡಿದ್ದೆವು.

"ಆಕೆಗೆ ಏನು ಕಳೆದಿದೆ ಅಂತ ಗೊತ್ತಿತ್ತು ತಾಯಿ. ಗೊತ್ತಿದ್ದಕ್ಕೆ ಅತ್ತಳು, ಹುಡುಕಿದಳು, ದಿನಾ ಕೈಯಾಡಿಸಿದಳು. ಇವರಿಗೆ ಕಳೆದದ್ದೇ ಗೊತ್ತಿಲ್ಲ. ಇಲ್ಲದ ಕೈಗೆ ಯಾರು ವ್ಯಾಯಾಮ ಮಾಡ್ತಾರೆ? ಅದಕ್ಕೇ ಇವರದು ನಿಧಾನ. ಇವರ ಪರವಾಗಿ ಆ ಅರಿವು ನೀವು ಇಟ್ಟುಕೊಳ್ಳಬೇಕು."

ಸತ್ತ ಭಾಗ ತಿರುಗಿ ಬರುವುದಿಲ್ಲ, ಆದರೆ ಅದರ ಆಜುಬಾಜು ಇರುವ ಮೆದುಳು ಹೊಸದಾಗಿ ಕೆಲಸ ಕಲಿಯುತ್ತದೆ, ಮೊದಲ ತಿಂಗಳುಗಳಲ್ಲಿ ಹೆಚ್ಚು ಕಲಿಯುತ್ತದೆ ಎಂದರು. ಬಲಕ್ಕೇ ಎಲ್ಲ ಇಟ್ಟು ಅನುಕೂಲ ಮಾಡಿಕೊಟ್ಟರೆ ಎಡಗಡೆ ಮರೆತೇ ಹೋಗುತ್ತದೆ. ಎಡಗಡೆಯಿಂದ ಕರೆಯಿರಿ, ಎಡಗೈ ಮುಟ್ಟಿಸಿ, ಅವರ ಕಣ್ಣು ತಾನಾಗಿ ಹಿಂಬಾಲಿಸುವಂಥ ವಸ್ತುವನ್ನು ನಡುವಿನಿಂದ ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಸುತ್ತ ಹೋಗಿ ಎಂದರು. ಲಕ್ವ ಹೊಡೆದ ಮೊದಲ ಒಂದೆರಡು ತಾಸಿನಲ್ಲೇ ಬಂದಿದ್ದರೆ ಇನ್ನೂ ಹೆಚ್ಚು ಉಳಿಸಿಕೊಳ್ಳಬಹುದಿತ್ತೇನೋ ಎಂದೂ ಅಂದರು. ಆ ಮಾತು ಕೊಟ್ರಮ್ಮನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಇಂದಿಗೂ ನಿಂತಿದೆ.

ಊರಿಗೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಯೋಚಿಸಿದಳು. ಯಾರೂ ಹೇಳದೆ ಇವರ ಕಣ್ಣು ಹಿಂಬಾಲಿಸುವ ವಸ್ತು ಯಾವುದು? ಯೋಚನೆ ಬಹಳ ದೂರ ಹೋಗಬೇಕಾಗಲಿಲ್ಲ. ಅದು ಅವನ ಕೊರಳಲ್ಲೇ ಇತ್ತು.

ಜಂಬಕ್ಕ ಒಪ್ಪಲಿಲ್ಲ. ಡಾಕ್ಟರಮ್ಮನ ಮಾತಿಗೆ ತಲೆಯಾಡಿಸಿ ಬಂದವಳು ಲಿಂಗದ ಮಾತು ಬಂದಾಗ ಬಿಗಿಯಾದಳು. "ತನ್ನದಲ್ಲ ಅನ್ನೋ ಕೈಯಾಗ ಲಿಂಗ ಇಡ್ತಿಯೇನು? ಒಮ್ಮಿ ಬಿದ್ದದ್ದು ಸಾಲಲಿಲ್ಲೇನು?"

ಅವಳ ಅಂಜಿಕೆ ಸುಳ್ಳಲ್ಲ. ಕೊಟ್ರಮ್ಮನಿಗೂ ಅದೇ ಅಂಜಿಕೆ. ಇಬ್ಬರೂ ಕೂಡಿಯೇ ಮಠದ ಅಯ್ಯನವರ ಹತ್ತಿರ ಹೋದರು. ವಯಸ್ಸಾದ ಅಯ್ಯನವರು ಎಲ್ಲ ಕೇಳಿ, ಹೇಳಿದ್ದು ಇಷ್ಟು:

"ಅಂವನ ಕೈ ಮರತಿದ್ರ ನಿನ್ನ ಕೈ ಕೆಳಗಿಡವ್ವ. ಲಿಂಗ ಎರಡು ಅಂಗೈ ಮ್ಯಾಲೆ ಕುಂತ್ರ ಏನೂ ಕಡಿಮಿ ಆಗಂಗಿಲ್ಲ. ಡಾಕ್ಟರ್ ಕೊಟ್ಟ ಗುಳಿಗಿ ಮಾತ್ರ ತಪ್ಪಿಸಬ್ಯಾಡ."

ಮರುದಿನದಿಂದ ಪೂಜೆ ಶುರುವಾಯಿತು. ಹಾಲೇಶಪ್ಪನನ್ನು ದಿಂಬು ಕೊಟ್ಟು ಕೂರಿಸಿದರು. ಕೊಟ್ರಮ್ಮ ಎಡಕ್ಕೆ ಕುಳಿತು, ಅವನ ಎಡಗೈಯನ್ನು ತನ್ನ ಅಂಗೈಯ ಮೇಲೆ ಹೊತ್ತು, ಅವನ ಎದೆಯ ಬಲಕ್ಕೆ, ಅವನ ಲೋಕ ಇರುವಲ್ಲಿಗೆ ತಂದಳು. ಅಂಗೈಯಲ್ಲಿ ಲಿಂಗವನ್ನಿಟ್ಟಳು. ಹಾಲೇಶಪ್ಪ ಕಂಡ, ಕಣ್ಣು ನೆಟ್ಟ. ಯಾರ ಕೈ ಎಂದು ಕೇಳಲಿಲ್ಲ. ಲಿಂಗ ಕಂಡವನಿಗೆ ಕೈಯ ಚಿಂತೆ ಬರಲಿಲ್ಲ. ಇಷ್ಟು ದಿನ ಗೋಡೆಯ ಮೇಲೆ ಅಲೆಯುತ್ತಿದ್ದ ದೃಷ್ಟಿಗೆ ನೆಲೆ ಸಿಕ್ಕಿತ್ತು.

ದಿನ ದಿನಕ್ಕೆ ಅವಳು ಅಂಗೈಯನ್ನು ಎಡಕ್ಕೆ ಸರಿಸಿದಳು. ಒಂದು ಜೋಳದ ಕಾಳಿನಷ್ಟು, ಎರಡು ಕಾಳಿನಷ್ಟು. ಕೆಲವು ದಿನ ಅವನ ಕಣ್ಣು ಅರ್ಧ ದಾರಿಯಲ್ಲಿ ಕೈಬಿಟ್ಟು ಬಲಕ್ಕೆ ಓಡಿಹೋಗುತ್ತಿತ್ತು. ಅಂದು ಅವಳು ಮತ್ತೆ ನಡುವಿಗೆ ತಂದು ಮೊದಲಿನಿಂದ ಶುರುಮಾಡುತ್ತಿದ್ದಳು. ಪತ್ರಿ ಏರಿಸುವಾಗ ಅವನ ಬಲಗೈಯಿಂದಲೇ ಎಡ ಅಂಗೈಯನ್ನು ಮುಟ್ಟಿಸುತ್ತಿದ್ದಳು. ತೋಳು ಸೋಲುತ್ತಿತ್ತು, ಬೆನ್ನು ಹಿಡಿಯುತ್ತಿತ್ತು. ಯುಗಾದಿ ಹತ್ತಿರ ಬಂತು. ತೆಲಿಗಿಯಿಂದ ಜಂಬಕ್ಕನ ಮಗ, ಗಾಡಿ ಯಾವಾಗ ತರಲಿ ಎಂದು ಎರಡು ಸಲ ಹೇಳಿಕಳಿಸಿದ. ಜಂಬಕ್ಕ ಉತ್ತರ ಕೊಡದೆ ಕಟ್ಟೆಯ ಮೇಲೆ 'ಓಂ ನಮಃ ಶಿವಾಯ' ಎನ್ನುತ್ತ ಕುಳಿತಿದ್ದಳು. ಅವಳ ಕಣ್ಣೂ ಆ ಅಂಗೈಯ ಜೊತೆಗೇ ಎಡಕ್ಕೆ ಸರಿಯುತ್ತಿತ್ತು.

ಯುಗಾದಿಯ ಬೆಳಗು. ಎಣ್ಣೆನೀರು ಆಗಿತ್ತು. ಕೊಟ್ರಮ್ಮ ಅಂದು ಅಂಗೈಯನ್ನು ಬಹಳ ಸರಿಸಿದಳು, ತನ್ನ ಮಡಿಲ ಅಂಚಿನ ತನಕ. ಹಾಲೇಶಪ್ಪನ ಕತ್ತು ಲಿಂಗದ ಹಿಂದೆ ತಿರುಗುತ್ತ ಬಂತು. ತಿರುಗಿ ಅಲ್ಲೇ ನಿಂತಿತು. ಅವನು ಲಿಂಗ ನೋಡಿದ. ಲಿಂಗದ ಕೆಳಗಿನ ಬೆರಳು ನೋಡಿದ, ಅವು ಸ್ವಲ್ಪ ನಡುಗಿದವು. ಆ ಬೆರಳ ಕೆಳಗೆ ಇನ್ನೊಂದು ಕೈ. ಅದರಲ್ಲಿ ಹಸಿರು ಬಳೆ. ಬಳೆಯಿಂದ ಮೇಲಕ್ಕೆ ತೋಳು, ತೋಳಿನಿಂದ ಭುಜ. ಕಣ್ಣು ಗಿಡ ಹತ್ತುವ ಇರುವೆಯಂತೆ ನಿಧಾನವಾಗಿ ಹತ್ತುತ್ತ ಹತ್ತುತ್ತ ಅವಳ ಮುಖಕ್ಕೆ ಬಂತು.

ಅವನು ಬೆಚ್ಚಿದ. ಖಾಲಿ ಗೋಡೆಯಿಂದ ಮನುಷ್ಯಳು ಎದ್ದುಬಂದಂತೆ ಬೆಚ್ಚಿದ.

"ಕೊಟ್ರಿ," ಎಂದ. "ನೀ ಈ ಕಡಿ ಯಾವಾಗ ಬಂದು ಕುಂತಿ?"

ಕೊಟ್ರಮ್ಮನ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಅದರ ಮೇಲೆ ಲಿಂಗವಿತ್ತು.

"ಲಗ್ನದಾಗ ಕುಂತಾಕಿರಿ. ಎದ್ದೇ ಇಲ್ಲ."

ಜಂಬಕ್ಕ ಕಟ್ಟೆಯಿಂದ ಇಳಿದು, ಮಂಚ ಸುತ್ತುವರಿದು ಬಂದು, ಕೊಟ್ರಮ್ಮನ ಪಕ್ಕದಲ್ಲಿ, ತಮ್ಮನ ಎಡಕ್ಕೆ, ನೆಲದ ಮೇಲೆ ಕುಳಿತಳು. ತೆಲಿಗಿಯ ಗಾಡಿಯ ಮಾತು ಆಮೇಲೆ ಏಳಲಿಲ್ಲ.

ಹಾಲೇಶಪ್ಪ ಪೂರ್ತಿ ಹಿಂದಿನಂತಾದ ಎಂದು ಹೇಳಿದರೆ ಸುಳ್ಳಾಗುತ್ತದೆ. ವರ್ಷವಾದ ಮೇಲೆ ಕೋಲು ಹಿಡಿದು ಗಿರಣಿಯ ತನಕ ನಡೆದ. ಈಗಲೂ ದಣಿದ ದಿನ ಎಡ ಚೌಕಟ್ಟಿಗೆ ಭುಜ ತಾಗುತ್ತದೆ. ಆಗ ತಾನೇ ನಿಂತು, ಎಡಗಡೆ ನೋಡು ಹಾಲೇಶಿ ಎಂದು ತನಗೇ ಹೇಳಿಕೊಳ್ಳುತ್ತಾನೆ. ಹಿಟ್ಟಿನ ನಯವನ್ನು ಈಗ ಸಿದ್ದಲಿಂಗ ನೋಡುತ್ತಾನೆ. ಬಿಪಿ ಗುಳಿಗೆಯನ್ನು ಮಾತ್ರ ಹಾಲೇಶಪ್ಪ ಪೂಜೆಯಷ್ಟೇ ನೇಮದಿಂದ ತೆಗೆದುಕೊಳ್ಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ದಿನ ಯಾರದೋ ಕೈಯಿಂದ ಚಹಾದ ಲೋಟ ಜಾರೀತು, ಬಾಯಿ ಒಂದು ಕಡೆಗೆ ಎಳೆದೀತು, ಮಾತು ತೊದಲೀತು, ನಡೆಯುವಾಗ ಕಾಲು ಸೋತೀತು. ಇದರಲ್ಲಿ ಒಂದೇ ಕಂಡರೂ ಸಾಕು. ಮಾತು ನೆಟ್ಟಗಿದೆಯಲ್ಲ ಎಂದು ಕಂಬಳಿ ಹೊದಿಸಬೇಡಿ. ನನಗೇನಾಗಿದೆ ಎಂದು ಅವರೇ ನಕ್ಕರೂ ಕೇಳಬೇಡಿ, ಏನಾಗಿದೆ ಎಂಬುದು ಅವರಿಗೆ ಗೊತ್ತಾಗದಿರುವುದೂ ಈ ರೋಗದ್ದೇ ಗುಣ. ಈಗ ೧೦೮ ಬಂದಿದೆ, ಆ ಗಳಿಗೆಯಲ್ಲೇ ಕರೆಯಿರಿ. ಹರಕೆಯನ್ನು ಗಾಡಿಯೊಳಗೆ ಕುಳಿತು ಹೊರಬಹುದು, ದೇವರು ಅಲ್ಲಿಯೂ ಕೇಳುತ್ತಾನೆ.

ಆಸ್ಪತ್ರೆಯಲ್ಲಿ, ಪೆಟ್ಟು ಬಿದ್ದದ್ದು ಮೆದುಳಿನ ಯಾವ ಕಡೆಗೆ, ಅದು ಏನು ಕೆಲಸ ಮಾಡುತ್ತಿತ್ತು, ಮನೆಯಲ್ಲಿ ನಾವೇನು ಮಾಡಬೇಕು ಎಂದು ಕೇಳದೆ ಬರಬೇಡಿ. ಕೇಳಲು ಸಂಕೋಚಪಡಬೇಡಿ. ಮಾತು ಬಿದ್ದವರಿಗೆ ಬುದ್ಧಿ ಬಿದ್ದಿದೆ ಎಂದುಕೊಳ್ಳಬೇಡಿ, ಪಂಪಮ್ಮನಿಗೆ ಎಲ್ಲವೂ ತಿಳಿಯುತ್ತಿತ್ತು. ಮಾತಾಡುವವರಿಗೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಒಬ್ಬರ ಚೇತರಿಕೆಯನ್ನು ಇನ್ನೊಬ್ಬರ ಚೇತರಿಕೆಯ ಪಕ್ಕದಲ್ಲಿಟ್ಟು ತೂಗಬೇಡಿ. ಆಚೆ ಮನೆಯವರು ಆರು ತಿಂಗಳಲ್ಲಿ ಎದ್ದರು, ನಮ್ಮವರು ಬೇಕೆಂದೇ ಮಲಗಿದ್ದಾರೆ ಎನ್ನುವ ಮಾತು ಯಾರ ಬಾಯಿಂದಲೂ ಬಾರದಿರಲಿ.

ಅವರು ನಿಮ್ಮತ್ತ ನೋಡದಿದ್ದರೆ ಮುನಿಸು ಎಂದು ಎದ್ದು ಹೋಗಬೇಡಿ. ಅವರಿಗೆ ಕಳೆದುಹೋದ ಕಡೆ ಯಾವುದೋ ತಿಳಿದುಕೊಂಡು, ಆ ಕಡೆಗೇ ಹೋಗಿ ಕುಳಿತುಕೊಳ್ಳಿ. ಕುಳಿತು ಕಾಯಿರಿ.